ತೊಟ್ಟಿಲು ಶಾಸ್ತ್ರದ ಕಾರ್ಡು

ಪ್ರಿಂಟರಿನಿಂದ ಹೊರಬಂದ ಹಾಳೆಯ ನಡುವೆ ಅಕ್ಷರಗಳು ಮಾಸಿದ್ದವು. ಮಗುವಿನ ಹೆಸರೇ ಕಾಣುತ್ತಿರಲಿಲ್ಲ.

"ಏನ್ ಸಾರ್, ನನ್ ಮೊಮ್ಮಗಳ ಹೆಸ್ರೇ ನುಂಗ್‌ಬಿಡ್ತಲ್ಲ ನಿಮ್ ಮಿಷಿನ್ನು!" ಎಂದು ಲಗ್ಗೆರೆಯ ಅಂಜಿನಯ್ಯ ನಕ್ಕರು. ತೊಟ್ಟಿಲು ಶಾಸ್ತ್ರದ ಕಾರ್ಡು ಮಾಡಿಸಲು ಬಂದವರು. ಪಾಪ, ಅವರಿಗೇನು ಗೊತ್ತು.

ಪಂಚಾಕ್ಷರಿಗೆ ನಗು ಬರಲಿಲ್ಲ. ಟೋನರ್ ಎಂಬ ಮಸಿಪುಡಿ ತೀರುತ್ತಾ ಬಂದಾಗ ಅದು ತುಂಬಿರುವ ಕಾರ್ಟ್ರಿಡ್ಜನ್ನು ಹೊರತೆಗೆದು, ಮಟ್ಟಸವಾಗಿ ಹಿಡಿದು ಅತ್ತಿತ್ತ ಮೆಲ್ಲಗೆ ತೂಗಿದರೆ, ಮೂಲೆ ಸೇರಿದ ಪುಡಿ ಹರಡಿಕೊಂಡು ಇನ್ನಷ್ಟು ಹಾಳೆ ಬರುತ್ತವೆ. ರಾಜಾಜಿನಗರಕ್ಕೆ ಲೇಸರ್ ಪ್ರಿಂಟರ್ ಎಂಬುದೇ ಹೊಸತಾಗಿದ್ದ ಆ ದಿನಗಳಲ್ಲಿ, ಅವನ ಪುಟ್ಟ ಅಂಗಡಿಯಲ್ಲಿ ಅದು ಯಾವತ್ತೂ ಹೆಂಡತಿ ಗಿರಿಜಾದೇವಿಯ ಕೆಲಸ. ತುಂಬು ಬಸುರಿಯಾಗಿದ್ದ ಅವಳು ಹಾಗೆ ತೂಗುವಾಗ, "ಈಗ್ಲೇ ಪ್ರಾಕ್ಟೀಸ್ ಶುರುನಾ?" ಎಂದು ರೇಗಿಸಿದ್ದ. ಅವಳು ನಾಚಿ ನಕ್ಕಿದ್ದಳು. ಹುಟ್ಟಿದ ಮಗು ಅಳಲೇ ಇಲ್ಲ. ಆಡಿದ ಮಾತು ನೆನಪಾದರೆ ಈಗ ನಾಲಿಗೆ ಕಿತ್ತುಕೊಳ್ಳಬೇಕು ಎನಿಸುತ್ತದೆ. ತವರಿನಿಂದ ಬಂದು ಇವತ್ತೇ ಅವಳು ಮತ್ತೆ ಅಂಗಡಿಗೆ ಕಾಲಿಟ್ಟಿದ್ದಳು.

ಅವಳು ತೂಗುವಂತಾಗಬಾರದೆಂದು ಅವನು ಬೀರುವಿನಿಂದ ಹೊಸ ಕಾರ್ಟ್ರಿಡ್ಜ್ ತೆಗೆದ. ಬೆಳಕು ತಾಗಿದರೆ ಕೆಡುತ್ತದೆಂದು ಅದನ್ನು ಕವರಿನ ಮೇಲೆ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟವಳು ಅವಳೇ. ಅಂಥ ತುಂಡುಗಳನ್ನು ಮಗುವಿಗಾಗಿಯೂ ಹರಿದು, ಒಗೆದು, ಮಡಿಸಿಟ್ಟಿದ್ದಳು.

"ಹೊಸದ್ಯಾಕ್ರೀ? ಇನ್ನೂ ಬರತ್ತೆ."

"ಬೇಡ ಕಣೇ. ಹಾಕ್‌ಬಿಡ್ತೀನಿ."

"ತೂಗಿದ್ರೆ ಬರತ್ತೆ."

ಹಳೆಯದನ್ನು ಹೊರತೆಗೆದು ಎರಡೂ ಕೈಯಲ್ಲಿ ಹಿಡಿದಳು. ಅತ್ತ, ಇತ್ತ. ಸಾಕಾಗುವಷ್ಟು ತೂಗಿದ್ದಾಗಿತ್ತು, ಆದರೂ ನಿಲ್ಲಿಸಲಿಲ್ಲ. ಅಂಜಿನಯ್ಯನವರ ಮುಖದ ನಗು ಇಂಗಿತು. ಪಂಚಾಕ್ಷರಿ ಗೋಡೆಯ ಕಡೆ ತಿರುಗಿದ.

ಕೊನೆಗೆ ಅವಳೇ ಅದನ್ನು ಒಳಗಿಟ್ಟು ಮುಚ್ಚಳ ಹಾಕಿದಳು. ಹೆಸರು ಕಪ್ಪಗೆ, ದುಂಡಗೆ ಮೂಡಿ ಬಂತು.

"ಹೆಸ್ರು ಚೆನ್ನಾಗಿದೆ," ಎಂದಳು ಅಂಜಿನಯ್ಯನವರಿಗೆ. ಅವರು ತಲೆ ತಗ್ಗಿಸಿ ಹೂಂಗುಟ್ಟಿದರು.

ಕಾರ್ಡುಗಳೆಲ್ಲ ಬರುವಷ್ಟರಲ್ಲಿ ಪುಡಿ ಪೂರಾ ತೀರಿತು. ಅವರು ಹೋದ ಮೇಲೆ ಪಂಚಾಕ್ಷರಿ ಹೊಸದನ್ನು ಹಾಕಿ, ಹಳೆಯದನ್ನು ಕಸದ ಬುಟ್ಟಿಯ ಕಡೆ ಒಯ್ದ. ಗಿರಿಜಾ ಕೈಚಾಚಿ ಇಸಿದುಕೊಂಡಳು.

"ಖಾಲಿಯಾಗಿದೆ ಕಣೇ ಅದು."

"ಗೊತ್ತು ರೀ."

ಹೊಸದಕ್ಕೆ ಸುತ್ತಿದ್ದ ಸೀರೆಯ ತುಂಡನ್ನು ಮೇಜಿನ ಮೇಲೆ ಹರಡಿದಳು. ಖಾಲಿ ಕಾರ್ಟ್ರಿಡ್ಜನ್ನು ನಡುವೆ ಮಲಗಿಸಿ, ಈ ಅಂಚು ಆ ಅಂಚು ಮಡಿಸಿ, ಎಲ್ಲೂ ಬೆಳಕು ತಾಗದಂತೆ ಸುತ್ತತೊಡಗಿದಳು.