ಕಡ್ಡಿಗೆ ಕಡ್ಡಿ ಕಟ್ಟಿ

ಬೆಸುಗೆ ಹಾಕುವ ಕಬ್ಬಿಣದ ಕಾವು ಇನ್ನೂ ಸಾಲದು, ಅದರ ತುದಿಗೆ ರಾಳ ಮುಟ್ಟಿಸಿದರೆ ಹೊಗೆಯಾಡುವ ಬದಲು ಅಂಟಂಟಾಗಿ ಎಳೆ ಬಿಡುತ್ತಿದೆ, ಕಾಯಲಿ, ನನಗೇನು ಅವಸರ, ಮೇಲೆ ಅಕ್ಕ ನಗುತ್ತಿದ್ದಾಳೆ, ಅವಳು ನಕ್ಕರೆ ಅಂಗಡಿಯ ಸೂರಿನ ಹಲಗೆಗಳಿಂದ ಧೂಳು ಉದುರುತ್ತದೆ, ಈಗಷ್ಟೇ ಒಂದು ಚಿಟಿಕೆ ನನ್ನ ಮೊಣಕೈ ಮೇಲೆ ಬಿತ್ತು — ಬೀಳಲಿ, ಎಷ್ಟು ತಿಂಗಳಾಗಿತ್ತು ಈ ಧೂಳು ಬಿದ್ದು. ಅವಳ ಸೈಕಲ್ಲಿನ ಹಿಂದಿನ ಚಕ್ರ ನನ್ನ ಮುಂದೆ ಸ್ಟ್ಯಾಂಡಿನಲ್ಲಿದೆ, ಇದರ ಒಂದು ಗಂಟು ಬಿಚ್ಚಬೇಕು, ಗಂಟು ಅಂತ ಹೆಸರಷ್ಟೇ, ಎರಡು ಕಡ್ಡಿ ಒಂದನ್ನೊಂದು ದಾಟುವ ಕಡೆ ಕೂದಲಿನಂಥ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ಮೇಲೊಂದು ಹನಿ ಬೆಸುಗೆ ಬಿಡುವುದು, ಹನಿ ಮೊದಲು ಗುಂಡಗೆ ನಿಲ್ಲುತ್ತದೆ, ಮೊಂಡು ಮಗುವಿನ ಹಾಗೆ, ಆಮೇಲೆ ಇದ್ದಕ್ಕಿದ್ದಂತೆ ಕರಗಿ ತಂತಿಯ ಸಂದಿಗೆಲ್ಲ ಇಳಿದು ಹೊಳೆಯುತ್ತದೆ, ಆ ಇಳಿಯುವ ಗಳಿಗೆ ನನಗೆ ಯಾವತ್ತೂ ಸಾಕಾಗಿಲ್ಲ. ತಂತಿ ಎಳಿ, ಆದ್ರೆ ಜಗಳ ಆಡ್ಬೇಡ, ಅಪ್ಪ ಹೇಳಿಕೊಟ್ಟದ್ದು ಅಷ್ಟೇ, ನನ್ನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ಒಂದು ಚಕ್ರ ಪೂರ್ತಿ ಸುತ್ತಿಸಿದ್ದ, ಅವನ ಉಗುರಿನ ಸಂದಿಯಲ್ಲಿ ಕರೀ ಗ್ರೀಸು, ಬಾಯಲ್ಲಿ ತಂತಿಯ ತುಂಡು, ಹೀಗೆ ಕಟ್ಟಿದ್ರೆ ಚಕ್ರ ಬಂಡೆ ಆಗುತ್ತೆ ಮಗಳೇ, ಅಲ್ಲಾಡಲ್ಲ. ಭಾವ ನನ್ನನ್ನು ಗಂಟಮ್ಮ ಅಂತಲೇ ಕರೆಯುತ್ತಾರೆ, ನಿಮ್ಮಕ್ಕನಿಗೆ ಗಂಟುಬಿದ್ದೆ, ಜೊತೆಗೆ ಈ ಗಂಟಮ್ಮನೂ ಬಂದಳು ಅಂತ ಊಟಕ್ಕೆ ಕೂತಾಗಲೆಲ್ಲ ಅದೇ ಹಳೇ ಜೋಕು, ನಗುವವರು ಅವರೊಬ್ಬರೇ.

ಭಾವ ತಕ್ಕಡಿ ರಿಪೇರಿ ಮಾಡುವವರು, ಅಂಗಡಿ ಅಂಗಡಿಗೆ ಹೋಗಿ ಮುಳ್ಳು ಸರಿಮಾಡಿ ಬರುತ್ತಾರೆ, ಕೂದಲೆಳೆಯಷ್ಟು ಸುಳ್ಳನ್ನೂ ಸಹಿಸದ ಮನುಷ್ಯ, ಅಡುಗೆ ಹೇಗಿದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅಕ್ಕ ಹೋದ ವರ್ಷ ಇಳಿಜಾರಿನ ರಸ್ತೆಯಲ್ಲಿ ಬಿದ್ದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು, ಇನ್ನೊಂದು ಎಲ್ಲಿ ಹೋಯಿತೋ. ಅಕ್ಕ ಬಾಣಂತಿಯರ ಮನೆಮನೆಗೆ ಹೋಗುವ ನರ್ಸು, ಆಳೂ ದಪ್ಪ, ಕ್ಯಾರಿಯರ್ ಮೇಲೆ ಕೂಸು ತೂಗುವ ತಕ್ಕಡಿ, ಔಷಧಿ ಚೀಲ, ಆವತ್ತು ಅವಳ ಸೈಕಲ್ಲಿಗೆ ಇದ್ದದ್ದು ಫ್ಯಾಕ್ಟರಿಯಿಂದ ಹಾಗೇ ಬಂದ ಚಕ್ರ, ನನಗೆ ಬಿಡುವಾದಾಗ ಬೇರೆ ಕಟ್ಟಿಕೊಡ್ತೀನಿ ಅಂದಿದ್ದೆ, ಅವಳಿಗೂ ಬಿಡುವಿರಲಿಲ್ಲ, ಇಳಿಜಾರಿನಲ್ಲಿ ಒಂದು ಕಡ್ಡಿ ಚಕ್ರದ ನಡುವಿನ ಹಬ್ಬಿನ ಹತ್ತಿರ ಮುರಿದು ಹೊರಕ್ಕೆ ಚಿಮ್ಮಿ ಫ್ರೇಮಿಗೆ ಸಿಕ್ಕಿಕೊಂಡು ಚಕ್ರ ಗಕ್ಕನೆ ನಿಂತಿತು, ಸೈಕಲ್ಲು ನಿಂತರೂ ಅಕ್ಕ ನಿಲ್ಲಲಿಲ್ಲ, ಭುಜದ ಮೂಳೆ ಎರಡಾಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ, ನಡ್ಕೊಂಡೇ ಹೋಗ್ತೀನಿ ಬಿಡ್ರೇ ಅಂದಳು, ನಡೆದಳು ಕೂಡ, ಸಂಜೆ ಕಾಲು ಊದಿಸಿಕೊಂಡು ಬಂದು ಬಕೆಟ್ಟಿನಲ್ಲಿ ಇಳಿಬಿಟ್ಟು ಕೂರುತ್ತಿದ್ದಳು, ಬೆಟ್ಟದ ಮೇಲಿನ ಮನೆಗಳಿಗೆ ಹೋಗುವುದನ್ನು ಬಿಟ್ಟಳು, ನಗುವುದನ್ನೂ. ಅಪ್ಪ ಅಂದ, ಗಂಟು ಕಟ್ಟಿದ ಚಕ್ರ ಹಾಕಿಕೊಡೋಣ, ಕಡ್ಡಿ ಮುರಿಯೋದೇ ಇಲ್ಲ. ಭಾವ ಅಂದರು, ಮಾವ, ಹಾಗಾದ್ರೆ ಅಳೆದು ನೋಡೋಣ.

ಅಳೆದರು, ಇದೇ ಮೇಜಿನ ಮೇಲೆ, ಕಟ್ಟದ ಚಕ್ರದ ಅಂಚಿಗೆ ತೂಕದ ಬಟ್ಟು ನೇತುಹಾಕಿ ಎಷ್ಟು ಬಾಗಿತು ಎಂದು ಮುಳ್ಳಿನಲ್ಲಿ ನೋಡಿದರು, ಅದೇ ಚಕ್ರವನ್ನು ನಾನು ಕಟ್ಟಿ ಬೆಸುಗೆ ಹಾಕಿ ಕೊಟ್ಟೆ, ಮತ್ತೆ ನೇತುಹಾಕಿದರು, ಮುಳ್ಳು ಹಿಂದಿನ ಗೆರೆಗೇ ಬಂದು ನಿಂತಿತು, ತಿರುಗಿಸಿ ಇನ್ನೊಂದು ಮಗ್ಗುಲಿನಲ್ಲಿ ನೋಡಿದರು, ಉಸಿರು ಬಿಗಿಹಿಡಿದು ನೋಡಿದರು, ಅದೇ ಗೆರೆ. ವ್ಯತ್ಯಾಸ ಇಲ್ಲ ಮಾವ. ಗೆದ್ದವರ ಮುಖ ಹಾಗಿರುವುದಿಲ್ಲ, ಗಂಟಿನಿಂದ ಏನಾದರೂ ಆಗಲಿ, ಹೆಂಡತಿ ಬೀಳದಿರಲಿ ಅಂತ ಎಲ್ಲರಿಗಿಂತ ಹೆಚ್ಚು ಆಸೆಪಟ್ಟಿದ್ದು ಅವರೇ, ಇದು ನನಗೆ ಅವರ ಬೆನ್ನು ನೋಡಿ ಗೊತ್ತಾಯಿತು, ತೂಕದ ಬಟ್ಟುಗಳನ್ನು ಪೆಟ್ಟಿಗೆಗೆ ತುಂಬುವಾಗ ಒಂದೊಂದನ್ನೂ ಒರೆಸಿ ಒರೆಸಿ ಇಡುತ್ತಿದ್ದರು. ಅಪ್ಪ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ನಿಮ್ಮ ಮುಳ್ಳು ಬಿಗಿಯಾಗಿದೆ ಅಂದ, ಮೆಟ್ಟಿಲು ಹತ್ತಿ ಹೋದ, ಮರುದಿನ ಅಂಗಡಿಗೆ ಇಳಿಯಲಿಲ್ಲ, ಅದರ ಮರುದಿನವೂ ಇಲ್ಲ, ಮಂಡಿನೋವು ಅಂತ, ಮಂಡಿ ಯಾವಾಗ ನೋಯುತ್ತಿರಲಿಲ್ಲ ಅವನಿಗೆ, ಜೀವಮಾನವೆಲ್ಲ ಸುತ್ತಿದ್ದು ಸುಮ್ಮನೆ ತಾಮ್ರ ಅಂತ ಆದ ಮೇಲೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಹೋಗುವ ಬರುವ ಸೈಕಲ್ಲುಗಳ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದ.

ನಾನು ಕಟ್ಟಿದೆ. ಯಾಕೆ ಅಂದರೆ ಏನು ಹೇಳಲಿ, ಗಟ್ಟಿ ಆಗುವುದಿಲ್ಲ ಅಂತ ಗೊತ್ತು, ಒಂದು ಕಡ್ಡಿ ಬದಲಾಯಿಸಬೇಕಾದರೆ ಬೆಸುಗೆ ಕರಗಿಸಿ ತಂತಿ ಬಿಡಿಸಿ ಮತ್ತೆ ಸುತ್ತಬೇಕು, ದಂಡ ಅಂತ ನನಗೇ ಅನ್ನಿಸುತ್ತದೆ, ಆದರೂ ಅಕ್ಕನ ಹೊಸ ಚಕ್ರ ಕಟ್ಟಲು ಕೂತಾಗ ಕೈ ತಾನಾಗಿ ತಂತಿಯ ಸುರುಳಿಗೆ ಹೋಯಿತು, ಮುಚ್ಚಿಡಲಿಲ್ಲ, ಅವಳಿಗೆ ಹೇಳಿದೆ, ಭಾವ ಅಳೆದಿದಾರೆ ಕಣೇ, ಇದ್ರಿಂದ ಏನೂ ಗಟ್ಟಿ ಆಗಲ್ವಂತೆ, ಸುಮ್ನೆ ಕಟ್ತಿದೀನಿ. ಅಕ್ಕ ಬಕೆಟ್ಟಿನಿಂದ ಕಾಲು ತೆಗೆಯದೆ ನನ್ನನ್ನೇ ನೋಡಿದಳು, ಕಟ್ಟು, ನೀನು ಸುಮ್ನೆ ಕಟ್ಟಿದ್ದು ಅಂದ್ರೆ ಹತ್ತಿ ನೋಡ್ಬೋದು, ಗಟ್ಟಿಯಾಗುತ್ತೆ ಅಂತ ಪುಸಲಾಯಿಸಿದ್ರೆ ಹತ್ತುತ್ತಿರ್ಲಿಲ್ಲ. ಅವಳ ಲೆಕ್ಕ ಅವಳಿಗೆ. ಮೊದಲು ನಮ್ಮ ಬೀದಿ, ನಾನು ಹಿಂದೆ ಹಿಂದೆ ಓಡುತ್ತಾ, ಚಿಕ್ಕವರಿದ್ದಾಗ ಅವಳು ನನ್ನ ಸೀಟು ಹಿಡಿದು ಓಡಿದ್ದಳು, ಬಿಡಬೇಡ್ವೇ ಬಿಡಬೇಡ ಅಂತ ಈಗ ಅವಳು ಕಿರುಚುವುದು, ಬೇಕರಿಯವನು ಹೊರಗೆ ಬಂದು ನೋಡುವುದು, ಆಮೇಲೆ ಮಾರುಕಟ್ಟೆ ರಸ್ತೆ, ಆಮೇಲೆ ಒಂದು ದಿನ ಯಾರಿಗೂ ಹೇಳದೆ ಬೆಟ್ಟದ ಮೇಲಿನ ಮನೆಗಳು, ಭಾವ ಅವತ್ತು ಬಾಗಿಲಿಗೂ ಬೀದಿಗೂ ಅದೆಷ್ಟು ಸಲ ಅಲೆದರೋ. ಮತ್ತು ಇವತ್ತು.

ಇವತ್ತು ಮಧ್ಯಾಹ್ನ ಬಂದಳು, ಸವಾರಿ ಮಾಡಿಕೊಂಡೇ, ಬೆವರಿದ ಮುಖ ಹೊತ್ತು, ಲೇ, ಹಿಂದಿನ ಚಕ್ರ ಒಂಚೂರು ಓಲಾಡ್ತಿದೆ ನೋಡೇ, ಇಳಿಜಾರಲ್ಲಿ ಟಿಣ್ ಅಂತು, ಕಲ್ಲು ಸಿಡೀತೇನೋ ಅಂದ್ಕೊಂಡೆ, ಆಮೇಲೆ ಇನ್ನೂ ಎರಡು ಮನೆಗೆ ಹೋಗಿ ಬಂದೆ, ಒಂದು ಕೂಸಂತೂ ಎಷ್ಟು ತೂಕ ಬಂದಿದೆ ಗೊತ್ತಾ — ಅವಳು ಕೂಸಿನ ವಿಷಯ ಹೇಳುತ್ತಲೇ ಇದ್ದಳು, ನಾನು ಚಕ್ರ ತಿರುಗಿಸಿದೆ, ಬೆಂಡಾಗಿತ್ತು, ನಿಲ್ಲಿಸಿದೆ, ಬೆರಳು ಓಡಿಸಿದೆ, ಓಡುತ್ತಿದ್ದ ಬೆರಳು ನಿಂತಿತು. ಕಡ್ಡಿ ಮುರಿದಿತ್ತು, ಹಬ್ಬಿನ ಹತ್ತಿರ, ಹೋದ ವರ್ಷ ಮುರಿದ ಜಾಗದಲ್ಲೇ, ಆದರೆ ಎಲ್ಲಿಗೂ ಹೋಗಿರಲಿಲ್ಲ, ಪಕ್ಕದ ಕಡ್ಡಿಗೆ ಒರಗಿ ನಿಂತಿತ್ತು. ಭಾವ ಅಂತ ಕೂಗಿದ್ದು ನನಗೇ ಕೇಳಿಸಲಿಲ್ಲ, ಬಂದರು, ಮಂಡಿಯೂರಿ ಕೂತರು, ಮುರಿದ ತುದಿಯನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ನೋಡಿದರು, ಗಂಟು ಬಿಡಲಿಲ್ಲ, ಜೋರಾಗಿ ತಳ್ಳಿದರು, ಬಿಡಲಿಲ್ಲ, ಅಕ್ಕನ ಮುಖ ನೋಡಿದರು, ಚಕ್ರ ನೋಡಿದರು, ಇದನ್ನ ನಾನು ಅಳೀಲೇ ಇಲ್ಲ ಅಂದರು, ಅಂದು ನೆಲದ ಮೇಲೇ ಕೂತುಬಿಟ್ಟರು. ನಾವೆಲ್ಲ ಮುರಿಯದಂತೆ ಮಾಡುವುದು ಹೇಗೆ ಅಂತಲೇ ಕೇಳಿದೆವು, ಮುರಿದರೆ ಅಂತ ಯಾರೂ ಕೇಳಲಿಲ್ಲ. ಆಮೇಲೆ ಭಾವನೇ ಮೇಲೆ ಹೋದರು, ಅಪ್ಪನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದರು, ಮಾವ, ಮುಟ್ಟಿ ನೋಡಿ, ಅಪ್ಪ ಮುಟ್ಟಿದ, ಮೂಗು ತಾಗುವಷ್ಟು ಬಗ್ಗಿ ನೋಡಿದ, ನಾವು ಕಾದೆವು, ನಾನು ಆವತ್ತೇ ಹೇಳಿರಲಿಲ್ಲವೇ ಅನ್ನುತ್ತಾನೆ ಅಂತ, ಅನ್ನಲಿ ಪಾಪ, ಆದರೆ ಅಪ್ಪ ನಿಧಾನಕ್ಕೆ ಅಂದ, ಇದು ನಂಗೂ ಗೊತ್ತಿರ್ಲಿಲ್ಲ ಕಣ್ರಪ್ಪ, ನಾನೂ ಗಟ್ಟಿ ಆಗ್ಲಿ ಅಂತಾನೇ ಕಟ್ತಿದ್ದೆ, ನಮ್ಮಪ್ಪ ಕಟ್ಟು ಅಂದಿದ್ದ, ಯಾಕೆ ಅಂತ ನಾನು ಕೇಳ್ಲಿಲ್ಲ, ಅವನು ಹೇಳ್ಲಿಲ್ಲ. ಅಂದು ನಕ್ಕ, ಹಲ್ಲಿಲ್ಲದ ನಗು, ಅದಕ್ಕೆ ಅಕ್ಕ ನಕ್ಕಳು, ಭಾವ ಕಣ್ಣೊರೆಸಿಕೊಂಡು ನಕ್ಕರು, ಟೀ ಇಡ್ತೀನಿ ಬನ್ನಿ ಅಂತ ಅಕ್ಕ ಎಲ್ಲರನ್ನೂ ಮೇಲಕ್ಕೆ ಹೊರಡಿಸಿದಳು, ನೀನೂ ಬಾರೇ ಗಂಟಮ್ಮ, ಬರ್ತೀನಿ, ಈ ಒಂದು ಬಿಚ್ಚಿ ಬರ್ತೀನಿ.

ಕಾವು ಬಂತು, ರಾಳ ಹೊಗೆಯಾಡುತ್ತಿದೆ, ಸಿಹಿಯಾದ ಆ ವಾಸನೆ, ಮೇಲೆ ಲೋಟಗಳ ಸದ್ದು, ಬೆಟ್ಟದ ಮನೆಯವರು ನಾಳೆಯೂ ಕಾಯುತ್ತಾರೆ, ಹೊಸ ಕಡ್ಡಿ ಹಾಕಲೇಬೇಕು, ಕಾದ ತುದಿಯನ್ನು ಗಂಟಿಗೆ ಮುಟ್ಟಿಸಿದರೆ ಸಾಕು, ಹನಿ ಕರಗಿ ತಂತಿ ಸಡಿಲವಾಗಿ ಮುರಿದದ್ದು ಕೈಗೆ ಬರುತ್ತದೆ — ಸ್ವಲ್ಪ ತಾಳು, ಇನ್ನೊಂದು ಸುತ್ತು, ಎಡಗೈಯಿಂದ ಚಕ್ರ ಮೆಲ್ಲಗೆ ತಿರುಗಿಸುತ್ತೇನೆ, ನೆಟ್ಟಗಿರುವವು ಹೋಗುತ್ತವೆ, ನೆಟ್ಟಗಿರುವವು, ಆಮೇಲೆ ಅದು ಬರುತ್ತದೆ, ಪಕ್ಕದ ಕಡ್ಡಿಗೆ ಒರಗಿದ್ದು, ದಾಟಿ ಹೋಗುತ್ತದೆ, ಲೇ ಟೀ ಆರ್ತಿದೆ, ಬಂದೆ ಅಕ್ಕಾ, ಮತ್ತೆ ಬರುತ್ತದೆ, ಬುಡ ಮುರಿದು, ಪಕ್ಕದ ಕಡ್ಡಿಗೆ ಒರಗಿ, ಬೀಳದೆ