ಹಗೆಯೇನಿಲ್ಲ ಎಂದು ಬರೆದುಕೊಟ್ಟವನು

ಕೊಚ್ಕೋರಿನ ಬಸ್ ನಿಲ್ದಾಣದಲ್ಲಿ, ಹಾಡಹಗಲೇ, ನಲವತ್ತು ಜನರ ಕಣ್ಣೆದುರಿಗೆ ಜಿಪಾರಳ ಬಲಗೈ ಮುರಿದವನು ಕಳ್ಳನಲ್ಲ, ಕುಡುಕನೂ ಅಲ್ಲ. ಅವಳ ಹಾಗೆಯೇ ನರಿನ್ ದಾರಿಯಲ್ಲಿ ಮಿನಿಬಸ್ ಓಡಿಸುವ ತಲಾಯ್. ಅವಳ ಬಸ್ಸು ಸರದಿಯಲ್ಲಿ ಮೊದಲು ನಿಂತಿತ್ತು, ಅಷ್ಟೇ. "ಒಲೆ ಮುಂದೆ ಕೂರೋ ಕೈಗೆ ಸ್ಟೇರಿಂಗ್ ಬೇರೆ ಕೇಡು" ಎಂದವನೇ ಚಕ್ರ ಬಿಚ್ಚುವ ಸಲಾಕೆಯಿಂದ ಬಾರಿಸಿದ. ಸುತ್ತ ನಿಂತ ಚಾಲಕರು ಹಲ್ಲು ಕಿರಿದರು. ಮೂಳೆಯ ನೋವನ್ನಾದರೂ ಅವಳು ನುಂಗಿಕೊಂಡಾಳು, ಆ ನಗುವನ್ನು ನುಂಗಲಾರಳು.

ಠಾಣೆಯಲ್ಲಿ ತನಿಖಾಧಿಕಾರಿ ಎರ್ಕಿನ್ ದೂರು ಬರೆದುಕೊಂಡ. ಕಾರಣ ಎಂಬಲ್ಲಿ 'ಸಣ್ಣ ಜಗಳ' ಎಂದು ಗೀಚಿದ.

"ಜಗಳ ಎಲ್ಲಿತ್ತು? ಹೆಂಗಸು ಅಂತ ಹೊಡೆದ. ಅದನ್ನ ಬರೀರಿ."

"ಜನಾಂಗ, ಧರ್ಮ ಅಂತ ದ್ವೇಷದಿಂದ ಹೊಡೆದ್ರೆ ಶಿಕ್ಷೆ ಜಾಸ್ತಿ, ಅಕ್ಕ. ಹೆಂಗಸು ಅನ್ನೋದು ಆ ಪಟ್ಟೀಲಿಲ್ಲ. ನೀವು ದುಂಗನ್ನರ ಹಾಗೆ ಬೇರೆ ಜನಾಂಗದವರಾಗಿದ್ರೆ ಏನಾದ್ರೂ ಮಾಡಬಹುದಿತ್ತು."

"ಹಂಗಾದ್ರೆ ನಾನು ಹೆಣ್ಣಾಗಿ ಹುಟ್ಟಿದ್ದಕ್ಕೆ ಅವನಿಗೆ ರಿಯಾಯ್ತಿನಾ?"

ಎರ್ಕಿನ್ ಕಿಟಕಿಯ ಕಡೆ ನೋಡಿದ. "ಹೆಂಗಸರನ್ನೂ ಸೇರಿಸಬೇಕು ಅಂತ ರಾಜಧಾನಿ ಬಿಷ್ಕೆಕ್‌ನಲ್ಲಿ ಕಾನೂನಿನ ಕರಡು ಇಟ್ಟಿದಾರೆ. ನಮ್ಮ ದೇಶದಲ್ಲಿ ಹೆಂಗಸರನ್ನ ದ್ವೇಷಿಸೋರು ಯಾರಿದಾರೆ, ಸಾಕ್ಷಿ ತೋರಿಸಿ ಅಂತ ಸಮಿತಿಯವ್ರು ಕೂತಿದಾರೆ. ಅಲ್ಲೀವರೆಗೆ ಅವನು ದಂಡ ಕಟ್ಟಿ ಮನೆಗೆ ಹೋಗ್ತಾನೆ. ಊರ ಹಿರಿಯರು ನ್ಯಾಯಕ್ಕೆ ಕರ್ದಿದಾರಲ್ಲ, ರಾಜಿ ಮಾಡ್ಕೊಂಡುಬಿಡಿ."

ಊರ ಹಿರಿಯರ ನ್ಯಾಯ ತಲಾಯ್‌ನ ಮನೆಯಲ್ಲೇ ಸೇರಿತು. ಒಳಗೆ ಕುರಿ ಬೇಯುತ್ತಿತ್ತು. ಹೊಡೆದವನ ಮನೆಯಲ್ಲಿ ಹೊಡೆಸಿಕೊಂಡವಳಿಗೆ ಔತಣ. ಥೂ, ಇದಕ್ಕೆ ನ್ಯಾಯ ಎಂದು ಹೆಸರು ಬೇರೆ! ಬಿಳಿ ಟೋಪಿಯ ಏಳು ಮುದುಕರ ನಡುವೆ ಕುಳಿತ ಮಾಂಬೆತಜ್ಜ ವಿಚಾರಣೆ ಶುರುಮಾಡಿದ.

"ಏನಪ್ಪ ತಲಾಯ್, ನಿನಗೂ ಈ ಹೆಣ್ಣುಮಗಳಿಗೂ ಹಳೇ ಹಗೆ ಏನಾದ್ರೂ ಇದೆಯಾ?"

"ಅಯ್ಯೋ, ಹಗೆ ಎಲ್ಲಿಂದ ಬಂತು ಅಜ್ಜ? ಅಕ್ಕನ ಪರಿಚಯಾನೂ ಸರಿಯಾಗಿಲ್ಲ. ಆ ಜಾಗದಲ್ಲಿ ಗಂಡಸು ನಿಂತಿದ್ರೆ ನಾನು ಕೈ ಎತ್ತುತ್ತಲೇ ಇರಲಿಲ್ಲ, ಜೊತೇಲಿ ಚಹಾ ಕುಡೀತಿದ್ದೆ. ಹೆಂಗಸು ನಮಗಿಂತ ಮುಂದೆ ನಿಂತಿದ್ದು ನೋಡಿ ತಡ್ಕೊಳ್ಳೋಕಾಗ್ಲಿಲ್ಲ, ಅಷ್ಟೇ."

ಮಾಂಬೆತಜ್ಜನ ಮುಖ ಅರಳಿತು. ಹಳೇ ಹಗೆಯಿಲ್ಲದಿದ್ದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಅವರ ಲೆಕ್ಕ. "ಕೇಳಿದ್ರಾ? ಹುಡುಗನ ಮನಸ್ಸಲ್ಲಿ ಏನೂ ಇಲ್ಲ."

ಜಿಪಾರಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ದನಿ ಎತ್ತದೆ ಹೇಳಿದಳು. "ಅವನಂದ ಮಾತನ್ನ ಹಾಗೇ ಬರೆಸಿ, ಅಜ್ಜ. ಒಂದಕ್ಷರಾನೂ ಬಿಡಬೇಡಿ."

ಇವಳು ಮೆತ್ತಗಾದಳು ಎಂದುಕೊಂಡ ಅಜ್ಜ ಖುಷಿಯಿಂದಲೇ ಬರೆಸಿದ. ತಲಾಯ್ ಅದಕ್ಕಿಂತ ಖುಷಿಯಿಂದ ಸಹಿ ಹಾಕಿದ. ಹಿರಿಯರ ಮೊಹರೂ ಬಿತ್ತು. ಅವಳು ಕಾಗದವನ್ನು ಮಡಚಿ ಕೈ ಕಟ್ಟಿದ್ದ ಬಟ್ಟೆಯೊಳಗೆ ತುರುಕಿಕೊಂಡಳು.

ಆಗ ತಲಾಯ್‌ನ ತಾಯಿ ರೊಟ್ಟಿ ತಂದಿಟ್ಟಳು. ಒಂದು ಚೂರು ಬಾಯಿಗಿಟ್ಟರೆ ರಾಜಿಯಾದ ಹಾಗೆ, ದೂರು ಸತ್ತ ಹಾಗೆ. ಎದುರಿಗಿಟ್ಟ ರೊಟ್ಟಿಯನ್ನು ಮುಟ್ಟದೆ ಎದ್ದುಹೋದವರನ್ನು ಆ ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. ಜಿಪಾರ್ ಎದ್ದು ನಿಂತಳು.

"ಒಂದು ಚೂರು ಬಾಯಿಗೆ ಹಾಕ್ಕೊಳಮ್ಮ. ರೊಟ್ಟಿಗೆ ಅವಮಾನ ಮಾಡಬಾರದು" ಎಂದ ಮಾಂಬೆತಜ್ಜ.

"ನನ್ನ ಕೈ ಮುರಿದಾಗ ಯಾರಿಗೂ ಅವಮಾನ ಆಗಲಿಲ್ವಾ ಅಜ್ಜ? ದೂರು ವಾಪಸ್ ತಗೊಳಲ್ಲ. ಈ ಕಾಗದ ಬಿಷ್ಕೆಕ್‌ಗೆ ಹೋಗುತ್ತೆ. ಅಲ್ಲಿ ಕೂತ ಸಮಿತಿಯವರಿಗೆ ಸಾಕ್ಷಿ ಬೇಕಂತೆ."

ಅಜ್ಜನ ಕೈ ಗಡ್ಡದ ಮೇಲೇ ನಿಂತಿತು. "ಕೊಡಿಲ್ಲಿ ಅದನ್ನ. ಊರಿನ ಮಾತು ಊರಲ್ಲೇ ಇರಬೇಕು."

"ಮಾತು ಅವನದು, ಮೊಹರು ನಿಮ್ಮದು. ಇದು ಸುಳ್ಳು ಅಂತ ನಿಮ್ಮಲ್ಲಿ ಒಬ್ರು ಹೇಳಿ ಸಾಕು, ಇಲ್ಲೇ ಹರಿದು ಒಲೆಗೆ ಹಾಕ್ತೀನಿ."

ಮುದುಕರೆಲ್ಲ ತಲಾಯ್ ಕಡೆ ತಿರುಗಿದರು.

"ಸುಳ್ಳು ನಾನ್ಯಾಕೆ ಹೇಳ್ಲಿ?" ಎಂದ ತಲಾಯ್. ಅವನಿಗೆ ನಿಜಕ್ಕೂ ಬೇಜಾರಾಗಿತ್ತು. "ಇದ್ದಿದ್ದನ್ನೇ ಹೇಳಿದೀನಿ."

ಜಿಪಾರ್ ಎಡಗೈಯಲ್ಲೇ ಬೂಟು ಎಳೆದುಕೊಂಡು ಹೊರಟಳು.