ಅಕ್ಕನಿಗೆ ಬಂದ ಗಂಡು

ನನ್ನ ಅಕ್ಕ ಕುಶಲಾ ಮೂರು ವರ್ಷದವಳಿದ್ದಾಗ ಜ್ವರ ಬಂದು ಸತ್ತಳು. ನಾನಾಗ ಹುಟ್ಟಿರಲಿಲ್ಲ. ಆದರೂ ಬಿಜೈಯ ನಮ್ಮ ಮನೆಯಲ್ಲಿ ಅವಳು ನನ್ನ ಜೊತೆಜೊತೆಗೇ ಬೆಳೆದಳು. ನಮ್ಮಲ್ಲಿ ಸತ್ತವರು ಸುಮ್ಮನೆ ಹೋಗುವ ಜಾತಿಯಲ್ಲ. ಕುಲೆಯಾಗಿ, ಅಂದರೆ ಪ್ರೇತವಾಗಿ, ಮನೆಯಲ್ಲೇ ಇದ್ದು, ಪ್ರಾಯಕ್ಕೆ ಬಂದು, ಮದುವೆ ಮಾಡಿ ಎಂದು ಕಾಡುತ್ತಾರೆ. ನನಗೆ ಇಪ್ಪತ್ತಾರು ದಾಟಿದರೂ ಒಂದು ಸಂಬಂಧವೂ ಕೂಡಿಬರದಿದ್ದಾಗ ಜೋಯಿಸರು ಹೇಳಿದ್ದು ಅದನ್ನೇ: ಅಕ್ಕನಿಗೆ ಆಗದೆ ತಂಗಿಗೆ ಯೋಗವಿಲ್ಲ. ಸರಿ, ಮಳೆಗಾಲದ ಆಟಿ ತಿಂಗಳು ಬಂದದ್ದೇ ಅಮ್ಮ ಮದುವೆಯಾಗದೆ ತೀರಿಹೋದ ಗಂಡನ್ನು ಹುಡುಕತೊಡಗಿದರು. ಸತ್ತವಳಿಗೆ ಸತ್ತವನನ್ನೇ ತರಬೇಕಲ್ಲ.

ಪಾಪ ಅಕ್ಕ, ಎಲ್ಲವನ್ನೂ ಅವಳ ತಲೆಗೆ ಕಟ್ಟಿದರು. ಬಂದ ಸಂಬಂಧಗಳಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದವಳು ನಾನು. ನಾನು ಜಯಪಾಲನಿಗಾಗಿ ಕಾಯುತ್ತಿದ್ದೆ.

ಅವನ ಮುಖ ನೋಡಿರಲಿಲ್ಲ, ಸ್ವರ ಕೇಳಿರಲಿಲ್ಲ. ನಾನು ಪಣಂಬೂರಿನ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಟೆಲೆಕ್ಸ್ ಆಪರೇಟರ್. ಅವನು ನಮ್ಮದೇ ಕಂಪೆನಿಯ ಬೊಂಬಾಯಿ ಆಫೀಸಿನಲ್ಲಿ. ನಾನಿಲ್ಲಿ ಟೈಪ್ ಮಾಡಿದ್ದು ಅದೇ ಗಳಿಗೆಯಲ್ಲಿ ಅಲ್ಲಿಯ ಕಾಗದದ ಮೇಲೆ ಮೂಡುತ್ತಿತ್ತು, ಅವನದ್ದು ಇಲ್ಲಿ. ಅದಿರು ಹಡಗಿನ ವಿಚಾರ ಮುಗಿದ ಮೇಲೆ ಇಂಗ್ಲಿಷಿನಲ್ಲೇ ನಮ್ಮದೂ ಎರಡು ಮಾತು ನಡೆಯುತ್ತಿತ್ತು. ತುಳು ಎಂದರೆ ಒಂದೇ ಸಾಲು, ಮಧ್ಯಾಹ್ನದ ಹೊತ್ತಿಗೆ, ಇಂಗ್ಲಿಷ್ ಅಕ್ಷರದಲ್ಲಿ: "ವಣಸ್ ಆಂಡಾ?" ಊಟ ಆಯಿತಾ ಎಂದು. ನಾನು ಬಂಗುಡೆ ಮೀನಿನ ಗಸಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ವರದಿ ಒಪ್ಪಿಸುತ್ತಿದ್ದೆ. ದೀಪಾವಳಿಗೆ ಬಂದು ಮನೆಯಲ್ಲಿ ಕೇಳುತ್ತೇನೆ ಎಂದಿದ್ದವನು ಬರಲಿಲ್ಲ, ರಜೆ ಇಲ್ಲವೆಂದ. ಆದರೆ ಹೋದ ಮಳೆಗಾಲದಿಂದ ಈಚೆಗೆ ಅವನ ಮಾತು ಎಷ್ಟೋ ಮೆದುವಾಗಿತ್ತು. ಪ್ರೀತಿ ಹೆಚ್ಚಿತೆಂದು ನಾನು ಹಿಗ್ಗಿದೆ.

ಈ ವಿಷಯ ಗೊತ್ತಿದ್ದದ್ದು ನನ್ನ ಅಣ್ಣ ಚಿತ್ತರಂಜನನಿಗೆ ಮಾತ್ರ. ಅವನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಾನೆ. ಮನೆಯಲ್ಲೂ ಅದನ್ನೇ ಮಾಡುತ್ತಾನೆ.

"ಮುಖ ಕಾಣದೆ, ಸ್ವರ ಕೇಳದೆ ಮಾತಾಡುವಾಗ ಮನಸ್ಸು ಸುಮ್ಮನೆ ಕೂತುಕೊಳ್ಳುದಿಲ್ಲ ಉಮಾ. ಬಾಕಿ ಇದ್ದದ್ದನ್ನೆಲ್ಲ ಅದೇ ತುಂಬಿಸ್ತದೆ. ನೀನು ಪ್ರೀತಿ ಮಾಡುವವನಲ್ಲಿ ಅರ್ಧ ಅವ, ಅರ್ಧ ನೀನೇ."

"ನಿನ್ನ ಪುಸ್ತಕ ನಿನ್ನ ಸ್ಟೂಡೆಂಟ್ಸಿಗೆ ಹೇಳು ಮಾರಾಯ. ನನಗೆ ಬೇಡ."

"ನೋಡ್ತಾ ಇರು. ಮುಂದೆ ಮನೆಮನೆಗೂ ಇಂಥ ಮಿಷನ್ ಬರ್ತದೆ. ಆಗ ಊರಿಗೆಲ್ಲ ನಿನ್ನದೇ ರೋಗ."

ರೋಗವಂತೆ. ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ಒಂದು ಸಂಜೆ ಆಫೀಸಿನಿಂದ ಬಂದಾಗ ಜಗಲಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಅಮ್ಮನ ಮುಖ ಅರಳಿತ್ತು.

"ಅಕ್ಕನಿಗೆ ಗಂಡು ಸಿಕ್ಕಿತು ಮಗಾ. ಇವರು ಜೆಪ್ಪುವಿನ ನಳಿನಾಕ್ಷಿಯಕ್ಕ. ಇವರ ಮಗನೇ."

ಆ ಹೆಂಗಸು ಚೀಲದಿಂದ ಒಂದು ಫೋಟೋ ತೆಗೆದರು. "ಜಯಪಾಲ ಅಂತ. ಬೊಂಬಾಯಿಯಲ್ಲಿ ಟೆಲೆಕ್ಸ್ ಕೆಲಸ. ಹೋದ ವರ್ಷ ಆಟಿಯಲ್ಲಿ ರೈಲಿನಿಂದ ಬಿದ್ದು ಹೋದ."

ಅವನ ಮುಖವನ್ನು ನಾನು ಮೊದಲು ನೋಡಿದ್ದು ಹಾಗೆ. ಅದೇ ದಿನ ಮಧ್ಯಾಹ್ನ ಅವನು ನನ್ನನ್ನು ಊಟ ಆಯಿತಾ ಎಂದು ಕೇಳಿದ್ದ.

"ಹುಡುಗ ಚಂದ ಉಂಟಲ್ಲ?" ಎಂದರು ಅಮ್ಮ. ನಾನು ಹೌದೆಂದೆ.

ಮರುದಿನ ಬೆಳಿಗ್ಗೆ ಮಿಷನ್ ಮುಂದೆ ಕೂತೆ. ಟೆಲೆಕ್ಸಿನಲ್ಲಿ ಯಾರು ನೀನು ಎಂದು ಕೇಳಲಿಕ್ಕೇ ಒಂದು ಕೀಲಿ ಉಂಟು. ಒತ್ತಿದರೆ ಆ ಕಡೆಯ ಮಿಷನ್ ತನ್ನ ಹೆಸರನ್ನು ತಾನೇ ಹೊಡೆದು ಕಳಿಸುತ್ತದೆ. ಅದರ ಮುಂದೆ ಮನುಷ್ಯ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಒತ್ತಿದೆ. ಬೊಂಬಾಯಿ ಆಫೀಸಿನ ಹೆಸರು ಬಂತು.

"ಮಿಷನ್ ಅಲ್ಲ, ಕೂತವರು ಯಾರು? ಜಯಪಾಲ ಸತ್ತು ವರ್ಷವಾಯಿತು" ಎಂದು ಟೈಪ್ ಮಾಡಿದೆ.

ಆಮೇಲೆ ಅಕ್ಷರಗಳು ಒಂದೊಂದಾಗಿ ಬಂದವು.

"ನಾನು ಇಸಿದೋರ್, ವಸಾಯಿಯವನು. ಅವರ ಜಾಗಕ್ಕೆ ಬಂದೆ. ಕೂತ ದಿನವೇ ನಿಮ್ಮ ಸಾಲು ಬಂತು, ಇಷ್ಟು ದಿನ ಎಲ್ಲಿದ್ದೆ, ನನಗೆ ಅನ್ನ ಸೇರುವುದಿಲ್ಲ ಎಂದು. ಸತ್ತರೆಂದು ಟೈಪ್ ಮಾಡಲು ಬೆರಳು ಏಳಲಿಲ್ಲ. ಜ್ವರ ಇತ್ತು ಎಂದೆ. ಆಮೇಲೆ ಹೇಳಲು ಧೈರ್ಯ ಬರಲಿಲ್ಲ. ಕ್ಷಮಿಸಿ."

ಬಾಯಿಗೆ ಬಂದದ್ದನ್ನೆಲ್ಲ ಟೈಪ್ ಮಾಡಿ ಬೈದೆ. ಕೊನೆಗೆ ಕೇಳಿದೆ: "ಉಳಿದದ್ದೆಲ್ಲ ಇರಲಿ. ದಿನಾ ವಣಸ್ ಆಂಡಾ ಎಂದು ಕೇಳಲು ನಿನಗೆ ಮನಸ್ಸಾದರೂ ಹೇಗೆ ಬಂತು?"

"ಅದು ಯಾವ ಭಾಷೆ? ನಾನು ಹಾಗೇನೂ ಕೇಳಿಲ್ಲ. ಮಧ್ಯಾಹ್ನವಾದರೆ ನೀವಾಗಿಯೇ ಊಟದ ಸುದ್ದಿ ಹೇಳುತ್ತಿದ್ದಿರಿ. ನಿಮ್ಮ ಅಭ್ಯಾಸವೆಂದುಕೊಂಡೆ."

ಮಿಷನ್ ಆಫ್ ಮಾಡಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ವರ್ಷವಿಡೀ ನಾನು ಆ ಸಾಲನ್ನು ಕಾಗದದ ಮೇಲೆ ಓದಿದ್ದೆ. ನನಗೆ ನನ್ನದೇ ಕಣ್ಣಿನ ಹೆದರಿಕೆ ಹುಟ್ಟಿತು, ಹಳೆಯ ಕಾಗದ ತೆಗೆದು ನೋಡುವ ಧೈರ್ಯವಾಗಲಿಲ್ಲ.

ಅಣ್ಣನಿಗೆ ಹೇಳಿದೆ. ಅವನು ಎದ್ದು ಹೋಗಿ ಮನೆಯ ದೀಪಗಳನ್ನೆಲ್ಲ ಹಾಕಿ ಬಂದ. ಹೆದರಿದ್ದು ನಾನೊಬ್ಬಳೇ ಅಲ್ಲ.

ಅಮ್ಮನಿಗೂ ಎಲ್ಲವನ್ನೂ ಹೇಳಿದೆ. "ಅವನನ್ನು ಅಕ್ಕನಿಗೆ ಕೊಡಬೇಡಿ ಅಮ್ಮ. ಅವ ನನ್ನವ."

ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಜೀವ ಇರುವವಳನ್ನು ಕುಲೆಗೆ ಕೊಡ್ಲಿಕ್ಕೆ ಉಂಟಾ ಮಗಾ? ನಿನಗಂತೂ ಸಿಗಲಿಲ್ಲ. ಅವಳಿಗಾದರೂ ಸಿಗಲಿ." ಆಮೇಲೆ ಗೆರಸೆ ಬದಿಗಿಟ್ಟು ಅತ್ತರು. ನಾನೂ ಅತ್ತೆ.

ಮದುವೆ ನಮ್ಮ ಮನೆಯಲ್ಲೇ ಆಯಿತು. ಒಂದು ಮಣೆಯ ಮೇಲೆ ಮುಂಡು, ಅಂಗಿ. ಇನ್ನೊಂದರ ಮೇಲೆ ಸೀರೆ, ಬಳೆ, ಕರಿಮಣಿ. ಅಕ್ಕನ ಸೀರೆಯ ನೆರಿಗೆ ಹಿಡಿದು ಅವನ ಪಕ್ಕದಲ್ಲಿ ಇಟ್ಟವಳು ನಾನೇ, ತಂಗಿ ಎಂದು. ಧಾರೆ ಎರೆದ ಮೇಲೆ ಇಬ್ಬರಿಗೂ ಎಲೆ ಹಾಕಿ ಬಡಿಸಿದರು. ಮತ್ತೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಬದುಕಿರುವವರ ಎದುರು ಅವರು ಉಣ್ಣುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಳಿನಾಕ್ಷಿಯಕ್ಕ ಬಾಗಿಲಿಗೆ ಬಾಯಿಟ್ಟು, ಅಡುಗೆಮನೆಯಿಂದ ಕೇಳುವವರ ಹಾಗೆ ಕೇಳಿದರು.

"ಮಗಾ, ವಣಸ್ ಆಂಡಾ?"

ಆ ಸಾಲನ್ನು ಸ್ವರದಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಳಗಿನಿಂದ ಉತ್ತರ ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಆಂಡ್," ಎಂದೆ ನಾನು. ಆಯಿತು.